ಈ ಕಾಗದ ತಂದವರು

ಭವಾನಿಪುರಂ, ವಿಜಯವಾಡ
12 ಜುಲೈ 1988

ಚಿ. ಸೌ. ವೇದಾಳಿಗೆ ನಿನ್ನ ಚಿಕ್ಕಮ್ಮ ಮಂಗಳಾಗೌರಿಯ ಆಶೀರ್ವಾದಗಳು.

ಈ ಕಾಗದ ತಂದಿರುವವಳು ರಾಜ್ಯಲಕ್ಷ್ಮಿ. ನಮ್ಮ ಎದುರು ಮನೆಯವಳ ತಂಗಿ. ಗಂಡನಿಗೆ ನಿಮ್ಮ ಗಾಜುವಾಕದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಇವಳಿಗೆ ಈಗ ಎಂಟು ತಿಂಗಳು ತುಂಬಿದೆ. ಹೆರಿಗೆ ನಿಮ್ಮ ನರ್ಸಿಂಗ್ ಹೋಮಿನಲ್ಲೇ ಆಗಬೇಕು, ಅದೂ ನಿನ್ನ ಕೈಯಲ್ಲೇ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಹಟ ಹಿಡಿಸಿದವಳು ನಾನೇ ಅನ್ನು. ನಮ್ಮವರು ಅಂತ ತಿಳಿದು ನೋಡಿಕೊ.

ಹೋದ ಬೇಸಿಗೆಯಲ್ಲಿ ನೀನು ಬಂದಿದ್ದಾಗ ಚಿಕ್ಕಪ್ಪನಿಗೆ ಒಂದು ಇಂಜೆಕ್ಷನ್ ಕೊಟ್ಟೆಯಲ್ಲ, ಹದಿನೈದು ದಿನದಿಂದ ಕಾಡುತ್ತಿದ್ದ ಜ್ವರ ಮಾರನೇ ಬೆಳಗ್ಗೆ ಹೇಳದೆ ಕೇಳದೆ ಹೋಯಿತು. ಅದನ್ನು ನಾನು ಬೀದಿಗೆಲ್ಲ ಹೇಳಿದ್ದೇನೆ. ನಾವು ಕೈಗುಣ ಅನ್ನುವುದನ್ನು ಇವರು ಹಸ್ತವಾಸಿ ಅನ್ನುತ್ತಾರೆ. 'ಮೀ ಅಮ್ಮಾಯಿದಿ ಮಂಚಿ ಹಸ್ತವಾಸಿ' ನಿಮ್ಮ ಹುಡುಗಿಯ ಕೈಗುಣ ಒಳ್ಳೆಯದು ಅಂತ ತರಕಾರಿಯವಳೂ ಅಂದಳು. ನನಗೆ ಎಷ್ಟು ಹಿಗ್ಗಾಯಿತು ಅಂದರೆ ಚೌಕಾಸಿ ಮಾಡುವುದನ್ನೇ ಮರೆತೆ. ನಿನ್ನ ಚಿಕ್ಕಪ್ಪ ಮಾತ್ರ, ಬಿಡುವ ಜ್ವರ ಬಿಟ್ಟಿತು, ಅದಕ್ಕೇನು ಮೆರವಣಿಗೆ ಅನ್ನುತ್ತಾರೆ. ಮೂವತ್ತು ವರ್ಷ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ನೋಡಿದವರಿಗೆ ಕೈಗುಣ ಏನು ತಿಳಿಯುತ್ತೆ ಹೇಳು.

ಡಬ್ಬಿಯಲ್ಲಿ ಚಕ್ಕುಲಿ ಇದೆ. ಅಳಿಯಂದಿರ ಹಡಗು ಎಲ್ಲಿದೆ, ಯಾವಾಗ ಬರುತ್ತೆ, ಬರೆ. ನಿನ್ನ ಊಟ ತಿಂಡಿ ಹೇಗೆ ಅಂತಲೂ ಬರೆ. ಬರೆಯದಿದ್ದರೂ ಚಿಂತೆಯಿಲ್ಲ, ರಾಜ್ಯಲಕ್ಷ್ಮಿಯ ಅಕ್ಕ ನೋಡಿಕೊಂಡು ಬಂದು ಹೇಳುತ್ತಾಳೆ.

ನಿನ್ನ ಚಿಕ್ಕಮ್ಮ


ಗಾಜುವಾಕ, ವಿಶಾಖಪಟ್ಟಣ
31 ಜುಲೈ 1988

ಪೂಜ್ಯ ಚಿಕ್ಕಮ್ಮನವರಿಗೆ ವೇದಾಳ ನಮಸ್ಕಾರಗಳು.

ನಿಮ್ಮ ರಾಜ್ಯಲಕ್ಷ್ಮಿ ಬಂದರು. ಜೊತೆಗೆ ಗಂಡ, ಅಕ್ಕ, ಅತ್ತೆ, ಅತ್ತೆಯ ತಂಗಿ ಮತ್ತು ಚಕ್ಕುಲಿ ಡಬ್ಬಿ. ಡಬ್ಬಿಯನ್ನು ಮಾತ್ರ ಮನೆಗೆ ಕರೆದುಕೊಂಡು ಬಂದೆ. ಎರಡು ದಿನ ಅದೇ ಊಟ. ಬೈಯಬೇಡಿ. ನಮ್ಮಲ್ಲಿದ್ದ ಒಬ್ಬ ಸಿಸ್ಟರ್ ಮಸ್ಕತ್ತಿಗೆ ಹೋದರು, ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹನ್ನೆರಡು ಮಂಚಕ್ಕೆ ನಾನು ಮತ್ತು ಸುಲೋಚನಾ ಅಂತ ಒಬ್ಬ ಹೊಸ ಹುಡುಗಿ. ಡ್ಯೂಟಿ ಸ್ವಲ್ಪ ಜಾಸ್ತಿ, ಅಷ್ಟೇ.

ಇವರ ಹಡಗು ಜೂನ್ ಕೊನೆಯಲ್ಲಿ ಅಂಡಮಾನಿನ ಕಡೆ ಹೋಗಿದೆ. ಡಿಸೆಂಬರೋ ಜನವರಿಯೋ ಬರುವುದು. ನೌಕಾಪಡೆಯ ಕ್ವಾರ್ಟರ್ಸ್ ನಮ್ಮ ಸರದಿಗೆ ಇನ್ನೂ ಬಂದಿಲ್ಲ, ಈ ಬಾಡಿಗೆ ಮನೆಯೇ ಗತಿ.

ಕೈಗುಣದ ಸುದ್ದಿ ಇಲ್ಲಿಗೂ ಮುಟ್ಟಿತು. ರಾಜ್ಯಲಕ್ಷ್ಮಿಯ ಅತ್ತೆ ವಾರ್ಡಿನ ನಡುವೆ ನಿಂತು ನೀವು ಹೇಳಿದ್ದನ್ನೆಲ್ಲ ಪಾಠ ಒಪ್ಪಿಸಿದರು. ಪಕ್ಕದ ಮಂಚದವರು ತಮಗೂ ಈ ಸಿಸ್ಟರೇ ಸೂಜಿ ಹಾಕಲಿ ಅಂದರು. ಅವರ ಪಕ್ಕದವರೂ ಅಂದರು. ಪಾಪ ಸುಲೋಚನಾ ಸಿರಿಂಜು ಹಿಡಿದು ನಿಂತೇ ಇದ್ದಳು. ನರ್ಸಿಂಗ್ ಹೋಮ್ ನಡೆಸುವ ಡಾಕ್ಟರ್ ಹೈಮಾವತಿಯವರಿಗೂ ಖುಷಿ. ಜನ ಕೇಳುತ್ತಾರೆ, ನೀನೇ ಹೋಗಮ್ಮ ವೇದಾ ಅಂದರು. ಈಗ ದಿನಾ ನಾನೇ ಹೋಗುತ್ತಿದ್ದೇನೆ. ನಿಮ್ಮ ಬಾಯಿ ದೊಡ್ಡದು ಚಿಕ್ಕಮ್ಮ.

ನಾನು ಚೆನ್ನಾಗಿದ್ದೇನೆ. ಚಿಕ್ಕಪ್ಪನವರಿಗೆ ನಮಸ್ಕಾರ ತಿಳಿಸಿ.

ವೇದಾ


ಭವಾನಿಪುರಂ
9 ಸೆಪ್ಟೆಂಬರ್ 1988

ವೇದಾಳಿಗೆ ಆಶೀರ್ವಾದ.

ಎದುರಿಗಿದ್ದಾಗ ನೀನು, ಕಾಗದದಲ್ಲಿ ನೀವು! ನಿಮ್ಮಪ್ಪ ಕಲಿಸಿದ ಮರ್ಯಾದೆ ಇನ್ನೂ ಬಿಟ್ಟಿಲ್ಲ ನೋಡು.

ಈ ಕಾಗದ ತಂದಿರುವವರು ಸತ್ಯಮೂರ್ತಿ ಮೇಷ್ಟ್ರು. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮೂರು ತಿಂಗಳಿಂದ ಮಾಯುತ್ತಿಲ್ಲ. ಮಗ ಗಾಜುವಾಕದಲ್ಲಿದ್ದಾನೆ. ಡ್ರೆಸ್ಸಿಂಗ್ ನಿನ್ನ ಕೈಯಲ್ಲೇ ಆಗಲಿ ಅಂತ ಕಳಿಸಿದ್ದೇನೆ. ಸಂಕೋಚದ ಮನುಷ್ಯ, ನೀನೇ ಕೇಳಿ ಮಾಡು.

ರಾಜ್ಯಲಕ್ಷ್ಮಿಗೆ ಗಂಡು ಮಗುವಾದ ಸುದ್ದಿ ತಂದ ಅವಳ ಅಕ್ಕನನ್ನು ಕೂರಿಸಿಕೊಂಡು ನಿನ್ನ ವಿಷಯ ಒಂದು ಗಂಟೆ ವಿಚಾರಿಸಿದೆ. ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಾಳೆ ಅಂದಳು. ಸಾಂಬಾರಿನ ವಾಸನೆ ಬಂದರೆ ತಟ್ಟೆ ದೂಡುತ್ತಾಳೆ, ಮುಖ ಬಿಳಿಚಿಕೊಂಡಿದೆ ಅಂದಳು. ನನಗೆ ತಿಳಿಯದೇ ಇರುತ್ತದೆಯೇನೇ? ಅಳಿಯಂದಿರು ಜೂನಿನಲ್ಲಿ ಹೋದರು. ಬೆರಳು ಮಡಿಸಿ ನೋಡಿದೆ, ಸರಿಹೋಯಿತು. ಕಳ್ಳಿ, ನನ್ನಿಂದ ಮುಚ್ಚಿಡುತ್ತೀಯಾ! ಐದು ತುಂಬುವವರೆಗೆ ಯಾರಿಗೂ ಹೇಳಬಾರದು ಅಂತ ಇರಬೇಕು. ನಾನೂ ಯಾರಿಗೂ ಹೇಳಿಲ್ಲ, ಎದುರು ಮನೆಯವಳಿಗೆ ಮತ್ತು ಪಕ್ಕದ ಮನೆಯ ಭ್ರಮರಾಂಬನಿಗೆ ಬಿಟ್ಟು.

ಮೇಷ್ಟ್ರ ಕೈಯಲ್ಲಿ ಹುಣಸೆಹಣ್ಣಿನ ಚಿಗಳಿ ಕಳಿಸಿದ್ದೇನೆ. ಬಾಯಿ ಕೆಟ್ಟಾಗ ಒಂದೊಂದು ಚೀಪು. ಭಾರ ಎತ್ತಬೇಡ.

ನಿನ್ನ ಚಿಕ್ಕಮ್ಮ


ಗಾಜುವಾಕ
22 ಸೆಪ್ಟೆಂಬರ್ 1988

ಪೂಜ್ಯ ಚಿಕ್ಕಮ್ಮನವರಿಗೆ ನಮಸ್ಕಾರ.

ಅಂಥದ್ದೇನೂ ಇಲ್ಲ. ನಿಮ್ಮ ಬೆರಳಿನ ಲೆಕ್ಕ ತಪ್ಪು. ಎದುರು ಮನೆಯವರಿಗೂ ಪಕ್ಕದ ಮನೆಯವರಿಗೂ ದಯವಿಟ್ಟು ಹೇಳಿಬಿಡಿ. ಚಿಗಳಿಯನ್ನು ವಾರ್ಡಿನಲ್ಲಿದ್ದ ಬಸುರಿಯರೇ ತಿಂದು ಮುಗಿಸಿದರು.

ಮೇಷ್ಟ್ರ ಹುಣ್ಣು ವಾಸಿಯಾಗುತ್ತಿದೆ. ಅವರ ಸಂಕೋಚ ಮೊದಲ ದಿನಕ್ಕೇ ಮುಗಿಯಿತು. ಈಗ ಭಾನುವಾರ ಬೆಳಗ್ಗೆ ಆರು ಗಂಟೆಗೆ ನಮ್ಮ ಮನೆ ಬಾಗಿಲಿಗೇ ಬಂದು ಕಾಲು ಚಾಚಿ ಕೂರುತ್ತಾರೆ, ಅವರ ಬೀದಿಯ ಇನ್ನಿಬ್ಬರನ್ನು ಕರೆದುಕೊಂಡು.

ಒಂದು ಮಾತು. ಸ್ವಲ್ಪ ದಿನ ಯಾರನ್ನೂ ಕಳಿಸಬೇಡಿ. ಗದ್ದಲ ಜಾಸ್ತಿಯಾಯಿತು ಅಂತ ಡಾಕ್ಟರ್ ಹೈಮಾವತಿಯವರು ಬೇಸರ ಮಾಡಿಕೊಳ್ಳುತ್ತಿದ್ದಾರೆ. ಬೇರೇನೂ ಇಲ್ಲ.

ವೇದಾ


ಭವಾನಿಪುರಂ
14 ಅಕ್ಟೋಬರ್ 1988

ಪ್ರೀತಿಯ ವೇದಾ,

ದಸರಾ ಜಂಗುಳಿ. ದುರ್ಗಮ್ಮನ ಬೆಟ್ಟದಿಂದ ನಮ್ಮ ಬೀದಿಯವರೆಗೂ ಜನ.

ಮೊದಲು ಖುಷಿಪಟ್ಟ ಡಾಕ್ಟರಮ್ಮ ಈಗ ಸಿಡುಕುತ್ತಿದ್ದಾರೆ ಅಂದರೆ ನಾನೇ ತಪ್ಪಿದ್ದೇನೆ. ಇಷ್ಟು ಜನರನ್ನು ಕಳಿಸಿ ಅವರಿಗೆ ಒಂದು ಮಾತು ಹೇಳಲಿಲ್ಲ ನೋಡು. ಅದಕ್ಕೇ ಅವರಿಗೆ ಬೇರೆ ಕಾಗದ ಬರೆದು ಅಮ್ಮನವರ ಕುಂಕುಮ ಇಟ್ಟಿದ್ದೇನೆ. ತೆಲುಗಿನಲ್ಲಿ ಚಿಕ್ಕಪ್ಪನೇ ಬರೆದುಕೊಟ್ಟರು, ತಲೆ ಚಚ್ಚಿಕೊಂಡು.

ಇದನ್ನು ತಂದಿರುವವಳು ನಮ್ಮ ಪಕ್ಕದ ಮನೆಯ ಭ್ರಮರಾಂಬನೇ. ಜೊತೆಗೆ ತುಂಬು ಬಸುರಿ ಮಗಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಇವರಲ್ಲೂ ಅದೇ ಪದ್ಧತಿ. ಆದರೆ ನಿನ್ನ ಕೈಗೋಸ್ಕರ ಪದ್ಧತಿ ಮುರಿದು, ಅಮ್ಮನೇ ಗಾಜುವಾಕದಲ್ಲಿರುವ ಅಳಿಯನ ಮನೆಗೆ ಬಾಣಂತನಕ್ಕೆ ಹೊರಟಿದ್ದಾಳೆ. ಇದಕ್ಕಿಂತ ಮರ್ಯಾದೆ ಇನ್ನೇನು ಬೇಕೇ ನಿನಗೆ? ಇವರೇ ಕೊನೆ. ಆಮೇಲೆ ಕಳಿಸುವುದಿಲ್ಲ, ಸಂಕ್ರಾಂತಿಯವರೆಗೆ.

ನಿನ್ನ ಚಿಕ್ಕಮ್ಮ


ಭವಾನಿಪುರಂ
16 ನವೆಂಬರ್ 1988

ನನ್ನ ಬಂಗಾರಕ್ಕೆ ನೂರು ಆಶೀರ್ವಾದ.

ಭ್ರಮರಾಂಬ ಅಳಿಯನ ಕೈಯಲ್ಲಿ ಲಡ್ಡು ಕಳಿಸಿದ್ದಳು. ಬೀದಿಗೆಲ್ಲ ಹಂಚಿದ್ದಾಯಿತು. ಹೆಣ್ಣು ಮಗು, ಕೆಂಪಗೆ ಇದೆಯಂತೆ, ಹುಟ್ಟಿದ ತಕ್ಷಣ ನಿನ್ನ ಕೈಯಲ್ಲಿ ಕಿರುಚಿತಂತೆ. ಬೆಳಗ್ಗೆಯಿಂದ ಸಂಜೆವರೆಗೆ ನೀನು ಅವಳ ಮಗಳ ಪಕ್ಕ ಬಿಟ್ಟು ಕದಲಲಿಲ್ಲವಂತೆ.

ಈಗ ಮುಖ್ಯ ವಿಷಯ. ಮಗುವಿಗೆ ನಿನ್ನ ಹೆಸರಿಡುತ್ತಾರೆ. ವೇದವತಿ! ಇಪ್ಪತ್ತೊಂದನೇ ದಿನ ಬೇಡ, ಮಾಘ ಮಾಸದಲ್ಲಿ ಮಗುವನ್ನು ಇಲ್ಲಿಗೆ ಕರೆತಂದು ಭರ್ಜರಿಯಾಗಿ ಮಾಡುತ್ತಾರಂತೆ. ತೊಟ್ಟಿಲಿಗೆ ನೀನೇ ಹಾಕಬೇಕಂತೆ. ನಾನು ಲಡ್ಡು ತಿನ್ನುತ್ತಾ ಅತ್ತುಬಿಟ್ಟೆ. ಯಾಕೆ ಅಂತ ಚಿಕ್ಕಪ್ಪ ಕೇಳಿದರು. ಯಾಕೋ ನನಗೂ ಗೊತ್ತಾಗಲಿಲ್ಲ.

ನೀನು ಬರೆದು ಎರಡು ತಿಂಗಳಾಯಿತು. ಬರೆಯೇ.

ಚಿಕ್ಕಮ್ಮ


ಭವಾನಿಪುರಂ
1 ಡಿಸೆಂಬರ್ 1988

ವೇದಾ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಬೇಗ ಮುಟ್ಟಲಿ ಅಂತ. ಹೆಸರಿನ ವಿಷಯಕ್ಕೆ ನೀನು ಏನೂ ಬರೆಯಲಿಲ್ಲ. ಮೇಷ್ಟ್ರ ಮಗ ಬಂದಿದ್ದ. ಎರಡು ಸಲ ವೇದಾ ಅವರ ಮನೆಗೆ ಹೋದೆ, ಒಳಗೆ ಫ್ಯಾನು ತಿರುಗುತ್ತಿತ್ತು, ಬಾಗಿಲು ತೆಗೆಯಲಿಲ್ಲ ಅಂದ. ನೀನು ಹೋದದ್ದು ಬೇರೆ ಯಾರದೋ ಮನೆ ಇರಬೇಕು ಅಂತ ಅವನಿಗೆ ಹೇಳಿದೆ. ನನ್ನ ಮೇಲೆ ಕೋಪವೇ? ಎರಡು ಸಾಲು ಬರೆ.

ಚಿಕ್ಕಮ್ಮ


ಗಾಜುವಾಕ
9 ಡಿಸೆಂಬರ್ 1988

ಚಿಕ್ಕಮ್ಮ,

ಆ ಮಗುವಿಗೆ ನನ್ನ ಹೆಸರಿಡಬೇಡಿ ಅಂತ ಅವರಿಗೆ ಹೇಳು. ಯಾಕೆ ಅಂತ ಬರೆಯುತ್ತೇನೆ, ಕೂತುಕೊಂಡು ಓದು.

ಭ್ರಮರಾಂಬ ಗಾರು ಮಗಳನ್ನು ಕರೆತಂದದ್ದು ನವೆಂಬರ್ ಮೂರರ ಬೆಳಗ್ಗೆ. ಹಿಂದಿನ ದಿನ ಬೆಳಗ್ಗೆ ಡ್ಯೂಟಿಗೆ ಬಂದ ನಾನು ಮನೆಗೆ ಹೋಗಿರಲಿಲ್ಲ. ಹೊರಡಬೇಕು ಅಂತ ಬ್ಯಾಗು ಎತ್ತಿಕೊಂಡಾಗ ಅವರು ಮೂರು ವಾರದಿಂದ ತಮ್ಮಲ್ಲೇ ಇಟ್ಟುಕೊಂಡಿದ್ದ ನಿನ್ನ ಕಾಗದ ಕೈಗಿಟ್ಟರು. ನಾನು ಬ್ಯಾಗು ಕೆಳಗಿಟ್ಟೆ. ಮಗು ಹುಟ್ಟಿದ್ದು ಸಂಜೆ ನಾಲ್ಕಕ್ಕೆ. ಚೆನ್ನಾಗಿಯೇ ಅತ್ತಿತು. ಟ್ರೇಯಲ್ಲಿ ಎರಡು ಸಿರಿಂಜು ಇರುತ್ತವೆ. ಒಂದು ತಾಯಿಗೆ ರಕ್ತ ನಿಲ್ಲಲು ಕೊಡುವುದು, ಇನ್ನೊಂದು ಮಗುವಿಗೆ. ನಾನು ತಾಯಿಯದನ್ನು ಎತ್ತಿಕೊಂಡು ಮಗುವಿನ ತೊಡೆಗೆ ಸ್ಪಿರಿಟ್ ಒರೆಸಿದೆ. ಆ ಔಷಧಿ ಎಳೆ ಮಗುವಿನ ಮೈಗೆ ಹೋದರೆ ಫಿಟ್ಸ್ ಬರುತ್ತದೆ, ಉಸಿರು ನಿಲ್ಲುತ್ತದೆ. ಸೂಜಿ ಚರ್ಮ ಮುಟ್ಟುವಷ್ಟರಲ್ಲಿ ಸುಲೋಚನಾ ನನ್ನ ಮಣಿಕಟ್ಟು ಹಿಡಿದಳು. 'ಅಕ್ಕಾ, ಅದಿ ತಲ್ಲಿದಿ' ಅಂದಳು. ಅದು ತಾಯಿಯದು ಅಂತ. ಅಷ್ಟೇ.

ನಾನು ಅದನ್ನಿಟ್ಟು ಇನ್ನೊಂದನ್ನು ತೆಗೆದುಕೊಂಡೆ. ಹೊರಗೆ ಬಂದೆ. ಭ್ರಮರಾಂಬ ಗಾರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ನಕ್ಕೆ. ಆಮೇಲೆ ಟೀ ಅಂಗಡಿಗೆ ಹೋಗಿ ಎರಡು ಮೆಣಸಿನಕಾಯಿ ಬಜ್ಜಿ ತಿಂದೆ. ರುಚಿಯಾಗಿತ್ತು.

ಚಿಕ್ಕಮ್ಮ, ನನ್ನ ಕೈ ನಡುಗಲಿಲ್ಲ. ಅವತ್ತೂ ನಡುಗಲಿಲ್ಲ, ಇವತ್ತಿಗೂ ಇಲ್ಲ. ತಪ್ಪು ಯಾರ ಕೈಯಲ್ಲಾದರೂ ಆಗಬಹುದು, ಅದಕ್ಕೆ ಹೆದರಿ ಬರೆಯುತ್ತಿಲ್ಲ. ಆ ತಪ್ಪು ಕಂಡು ನನಗೆ ಏನೂ ಆಗಲಿಲ್ಲ, ಅದು ನನ್ನನ್ನು ಹೆದರಿಸಿದೆ. ಮೊದಲೆಲ್ಲ ಹುಟ್ಟಿದ ಮಗು ಅಳುವುದು ಸ್ವಲ್ಪ ತಡವಾದರೆ ನನ್ನ ಉಸಿರೇ ನಿಲ್ಲುತ್ತಿತ್ತು. ಈಗ ಗಡಿಯಾರ ನೋಡುತ್ತಾ ನಿಲ್ಲುತ್ತೇನೆ. ಹೋದ ವಾರ ಒಬ್ಬ ಮುದುಕಿ ತೀರಿಕೊಂಡಳು. ಮಗಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದರೆ ನಾನು ಇವಳು ಯಾವಾಗ ಬಿಡುತ್ತಾಳೆ ಅಂತ ಯೋಚಿಸುತ್ತಿದ್ದೆ. ಹಡಗಿನಿಂದ ಇವರ ಕಾಗದ ಬಂದು ಹತ್ತು ದಿನವಾಯಿತು, ಒಡೆದಿಲ್ಲ. ನಾನು ಹೀಗಿರಲಿಲ್ಲ. ನಿನಗೆ ಗೊತ್ತು, ನಾನು ಹೀಗಿರಲಿಲ್ಲ.

ಮೇಷ್ಟ್ರ ಮಗ ಬಂದದ್ದು ನಮ್ಮ ಮನೆಗೇ. ನಾನು ಒಳಗೆ ಕೂತಿದ್ದೆ. ಡಾಕ್ಟರಿಗೆ ಬೇಸರ ಅಂತ ಬರೆದದ್ದೂ ಸುಳ್ಳು, ಬೇಸರವಾಗಿದ್ದು ನನಗೆ. ಚಿಕ್ಕಂದಿನಿಂದ ನಿನ್ನ ಅಕ್ಷರ ಕಂಡರೆ ಓಡಿಹೋಗಿ ಕಾಗದ ಕಿತ್ತುಕೊಳ್ಳುತ್ತಿದ್ದವಳು ನಾನು. ಈಗ ನಿನ್ನ ಅಕ್ಷರ ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ, ಯಾಕೆಂದರೆ ಅದನ್ನು ಹಿಡಿದುಕೊಂಡು ಯಾರೋ ನಿಂತಿರುತ್ತಾರೆ.

ರಾಜೀನಾಮೆ ಬರೆದಿಟ್ಟಿದ್ದೇನೆ. ಒಂದನೇ ತಾರೀಖಿಗೆ ಕೊಡುತ್ತೇನೆ. ಈ ಕೆಲಸ ಇನ್ನು ನನಗೆ ಬೇಡ.

ವೇದಾ


ಭವಾನಿಪುರಂ
17 ಡಿಸೆಂಬರ್ 1988

ನನ್ನ ಕಂದಾ,

ಈ ಕಾಗದವನ್ನು ನಾನೇ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ. ಇದರ ಜೊತೆ ಯಾರೂ ಬರುತ್ತಿಲ್ಲ. ಹೆದರದೆ ಓದು.

ನಿನ್ನ ಕಾಗದಗಳನ್ನು ನಾನು ಯಾವಾಗಲೂ ಚಿಕ್ಕಪ್ಪನಿಗೆ ತೆಲುಗಿನಲ್ಲಿ ಹೇಳುತ್ತೇನೆ. ಇದನ್ನು ಎರಡು ದಿನ ಹೇಳಲಿಲ್ಲ. ಮೂರನೇ ದಿನ ಹೇಳಿದೆ. ಓದುತ್ತಿದ್ದ ಪೇಪರ್ ಮಡಿಸಿಟ್ಟರು. ಆಮೇಲೆ 'ಮನ ತಪ್ಪೇ, ಮಂಗಳಾ' ಅಂದರು. ನಿನ್ನ ತಪ್ಪು ಅನ್ನಲಿಲ್ಲ ನೋಡು, ನಮ್ಮ ತಪ್ಪು ಅಂದರು. ಅವರು ಬೈದಿದ್ದರೆ ನನಗೆ ಇಷ್ಟು ಅಳು ಬರುತ್ತಿರಲಿಲ್ಲ.

ನೀನು ನಿಜ ಬರೆದೆ, ನಾನೂ ಬರೆಯುತ್ತೇನೆ. ಅವರು ಅರಸೀಕೆರೆಯ ಸ್ಟೇಷನ್ನಿನಲ್ಲಿದ್ದಾಗ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದು ನನ್ನನ್ನು ಕಟ್ಟಿಕೊಂಡು ಈ ಊರಿಗೆ ಕರೆತಂದರು. ಇಪ್ಪತ್ತಾರು ವರ್ಷವಾಯಿತು. ಚೆನ್ನಾಗಿಯೇ ಇಟ್ಟುಕೊಂಡಿದ್ದಾರೆ. ಮಕ್ಕಳಾಗಲಿಲ್ಲ, ಅದಕ್ಕೂ ಒಂದು ಮಾತು ಆಡಿಲ್ಲ. ಆದರೆ ಬೆಳಗ್ಗೆ ಎದ್ದು ಕನ್ನಡದಲ್ಲಿ ಹಲ್ಲುಜ್ಜಿದೆಯಾ ಅಂತ ಕೇಳಲು ನನಗೊಂದು ಜನವಿಲ್ಲ. ನೀನು ವಿಶಾಖಪಟ್ಟಣಕ್ಕೆ ಬಂದಾಗ, ಒಂದು ದಿನದ ರೈಲಿನ ದೂರದಲ್ಲಿ ನನ್ನ ಮಗಳು ಬಂದಳು ಅಂದುಕೊಂಡೆ. ನೀನು ಬರೆಯುವುದೋ ಎರಡು ತಿಂಗಳಿಗೊಮ್ಮೆ. ಹೋಗಿಬಂದವರು ನೀನು ಜಡೆ ಎತ್ತಿ ಕಟ್ಟಿದ್ದೆ, ಹೀಗೆ ನಕ್ಕೆ ಅಂತ ಹೇಳುತ್ತಿದ್ದರು. ಅದಕ್ಕೋಸ್ಕರ ಕಳಿಸುತ್ತಿದ್ದೆ ವೇದಾ. ಅವರ ಹುಣ್ಣಿಗಲ್ಲ, ಹೆರಿಗೆಗಲ್ಲ. ಅವರ ಕಣ್ಣಿನಿಂದ ನಿನ್ನನ್ನು ನೋಡೋಣ ಅಂತ. ನೋಡಿದವರು ಹೇಳಿದ್ದೂ ಸರಿಯಾಗಿಯೇ ಇತ್ತು, ನಾನು ಅದನ್ನು ಬಸಿರು ಅಂದುಕೊಂಡೆ.

ಇನ್ನೊಂದೂ ಇದೆ. ಈ ಬೀದಿಯವರಿಗೆ ಇಷ್ಟು ವರ್ಷ ನಾನು 'ಆ ಕನ್ನಡದಾಕೆ'. ನಿನ್ನ ಕೈಗುಣ ಸಾರಿದ ಮೇಲೆ ನರ್ಸಮ್ಮನ ಚಿಕ್ಕಮ್ಮ, 'ಪಿನ್ನಿ' ಆದೆ. ಜಗುಲಿಯಲ್ಲಿ ದಿನಾ ಜನ. ನನಗೆ ಅದು ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ.

ಅದನ್ನೂ ಮುಗಿಸಿದೆ. ಶುಕ್ರವಾರ ಅರಿಶಿನ ಕುಂಕುಮಕ್ಕೆ ಎಲ್ಲರನ್ನೂ ಕರೆದೆ. ನಮ್ಮ ವೇದಾಳಿಗೆ ಶನಿ ಬಂದಿದ್ದಾನೆ, ಎರಡೂವರೆ ವರ್ಷ ಅವಳ ಕೈಗೆ ಯಶಸ್ಸಿಲ್ಲ, ಜೋಯಿಸರು ಹೇಳಿದರು, ಹೋಗುವವರು ನಿಮ್ಮ ಇಷ್ಟ ಅಂದೆ. ಗಾಜುವಾಕಕ್ಕೆ ಹೊರಟಿದ್ದ ಎರಡು ಮನೆಯವರು ಅಲ್ಲೇ ಮನಸ್ಸು ಬದಲಾಯಿಸಿದರು. ಮೇಷ್ಟ್ರ ಹೆಂಡತಿ ಆಗಲೇ ಮಗನಿಗೆ ಕಾರ್ಡು ಬರೆದಿದ್ದಾಳೆ. ಜೋಯಿಸರೂ ಇಲ್ಲ, ಏನೂ ಇಲ್ಲ. ಸುಮ್ಮನೆ ಹೆಸರು ಎಳೆದಿದ್ದಕ್ಕೆ ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಿ ಕ್ಷಮೆ ಕೇಳಿ ಬಂದೆ. ಈಗ ಜಗುಲಿ ಖಾಲಿ. ಚಿಕ್ಕಪ್ಪನಿಗೆ ಪೇಪರ್ ಓದಲು ಅನುಕೂಲವಾಗಿದೆ.

ಭ್ರಮರಾಂಬನಿಗೆ ಮಾತ್ರ ಆ ಸಿರಿಂಜಿನ ವಿಷಯ ನಾನು ಹೇಳಿಲ್ಲ. ಅದನ್ನು ಹೇಳುವುದಾದರೆ ನೀನೇ ಹೇಳಬೇಕು.

ರಾಜೀನಾಮೆ ಕೊಡು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಮೊದಲು ರಜ ಕೇಳು. ಇಲ್ಲಿಗೆ ಬಾ. ಹೊಟ್ಟೆ ತುಂಬ ಉಂಡು ಮಲಗಿ ಎದ್ದು, ಆಮೇಲೂ ಬೇಡ ಅನ್ನಿಸಿದರೆ ನಾನೇ ಬಂದು ಆ ಕಾಗದ ಡಾಕ್ಟರಮ್ಮನ ಕೈಗೆ ಕೊಡುತ್ತೇನೆ.

ನಿನ್ನ ಚಿಕ್ಕಮ್ಮ


ಗಾಜುವಾಕ
16 ಜನವರಿ 1989

ಚಿಕ್ಕಮ್ಮ,

ಸುಖವಾಗಿ ಮುಟ್ಟಿದೆ. ನೀನು ಕಟ್ಟಿಕೊಟ್ಟ ಬುತ್ತಿಯನ್ನು ತುನಿ ಸ್ಟೇಷನ್ ಬರುವಷ್ಟರಲ್ಲೇ ಮುಗಿಸಿದೆ.

ಇಪ್ಪತ್ತು ದಿನದಲ್ಲಿ ಹದಿನೈದು ದಿನ ನಿದ್ದೆಯೇ ಮಾಡಿದೆ ಅನ್ನಿಸುತ್ತದೆ. ಚಿಕ್ಕಪ್ಪ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಪೇಪರ್ ಓದುವ ನೆಪದಲ್ಲಿ ಬಂದವರನ್ನೆಲ್ಲ ವಾಪಸ್ ಕಳಿಸುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನೀನು ಒಂದು ಸಲವೂ ಆ ವಿಷಯ ಎತ್ತಲಿಲ್ಲ. ನಿನ್ನ ಬಾಯಿಗೆ ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಹೊರಡುವ ಹಿಂದಿನ ದಿನ ನೀನು ದುರ್ಗಮ್ಮನ ಗುಡಿಗೆ ಹೋಗಿದ್ದಾಗ ಭ್ರಮರಾಂಬ ಗಾರು ಅವರ ಮನೆಗೆ ಹೋದೆ. ಹೇಳಿದ್ದರೆ ನೀನೂ ಜೊತೆಗೆ ಬರುತ್ತಿದ್ದೆ. ಅವರು ಹಿತ್ತಿಲಲ್ಲಿ ಕಾಲು ನೀಡಿಕೊಂಡು, ಸಂಕ್ರಾಂತಿಗೆ ಕರೆತಂದಿದ್ದ ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರ ಕೈ ನಿಂತಿತು. ಮಗುವಿನ ತೊಡೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಮತ್ತೆ ಎಣ್ಣೆ ಹಚ್ಚತೊಡಗಿದರು. ನನ್ನ ಮುಖ ನೋಡದೆ, ಹೋಗಮ್ಮ ಅಂದರು. ಬಂದೆ. ನಿನಗೂ ಅವರಿಗೂ ಇಪ್ಪತ್ತು ವರ್ಷದ ಸ್ನೇಹ, ನಾನು ಕೆಡಿಸಿದೆನೇನೋ. ಕ್ಷಮಿಸು.

ಕೆಲಸ ಬಿಡುವ ಯೋಚನೆ ಇದೆ ಅಂದದ್ದಕ್ಕೆ ಡಾಕ್ಟರ್ ಹೈಮಾವತಿ ಮಾರ್ಚಿನವರೆಗೆ ನೋಡು ಅಂದಿದ್ದಾರೆ. ಎರಡು ಡ್ಯೂಟಿ ಒಟ್ಟಿಗೆ ಮಾಡುವುದಿಲ್ಲ ಅಂತ ಹೇಳಿದ್ದೇನೆ, ಸದ್ಯಕ್ಕೆ ಒಪ್ಪಿದ್ದಾರೆ. ರಾಜೀನಾಮೆ ಟ್ರಂಕಿನಲ್ಲಿದೆ. ನಿದ್ದೆ ಬರುತ್ತಿದೆ, ಹಸಿವಾಗುತ್ತಿದೆ. ಆದರೆ ವಾರ್ಡಿನ ಒಳಗೆ ಕಾಲಿಟ್ಟರೆ ಮತ್ತೆ ಅದೇ. ಕೈ ಕೆಲಸ ಮಾಡುತ್ತದೆ, ನಾನು ಎಲ್ಲೋ ಇರುತ್ತೇನೆ. ಇವರ ಹಡಗು ತಡವಾಗಿದೆ, ಫೆಬ್ರವರಿ ಕೊನೆಗೆ ಬರುತ್ತಾರೆ.

ವೇದಾ


ಭವಾನಿಪುರಂ
14 ಫೆಬ್ರವರಿ 1989

ಪ್ರೀತಿಯ ವೇದಾ,

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಮುಚ್ಚಿಡುವುದು ಬೇಡ ಅಂತ ಇಬ್ಬರೂ ಒಪ್ಪಿದ್ದೇವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಭ್ರಮರಾಂಬ ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಕರಿಬೇವಿಗೂ ಬರಲಿಲ್ಲ. ನಾನು ಅವಳನ್ನು ತಪ್ಪು ಅನ್ನಲಿಲ್ಲ, ಆದರೆ ಸಂಕಟವಾಯಿತು. ಹೋದ ಸೋಮವಾರ ಬಂದು ಬಾಗಿಲಲ್ಲೇ ನಿಂತು, ಅವತ್ತು ಕೈ ಹಿಡಿದ ಹುಡುಗಿಯ ಹೆಸರೇನು ಅಂತ ಕೇಳಿದಳು. ಹೇಳಿದೆ. ಹೊರಟುಹೋದಳು.

ಶುಕ್ರವಾರ ನಾಮಕರಣ. ನಮ್ಮನ್ನೂ ಕರೆದಿದ್ದರು. ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದ ಹೆಸರು ಸುಲೋಚನಾ. ಬಂದವರೆಲ್ಲ ಇದು ಯಾರ ಹೆಸರು ಅಂತ ಕೇಳಿದರೆ ಭ್ರಮರಾಂಬ ನಮಗೆ ಬೇಕಾದವರದ್ದು ಅಂದಳೇ ಹೊರತು ಒಂದು ಮಾತು ಹೆಚ್ಚು ಆಡಲಿಲ್ಲ. ನಿನ್ನ ವಿಷಯ ಬೀದಿಯಲ್ಲಿ ಯಾರಿಗೂ ಹೇಳಿಲ್ಲ. ಊಟ ಬಡಿಸುವಾಗ ನನ್ನ ಪಕ್ಕ ಬಗ್ಗಿ, 'ಆ ಪಿಲ್ಲೇ ವಚ್ಚಿ ಚೆಪ್ಪಿಂದಿ, ಅದಿ ನೇನು ಮರ್ಚಿಪೋನು' ಅಂದಳು. ನಿನ್ನ ಬಗ್ಗೆಯೇ, ಆ ಹುಡುಗಿ ತಾನೇ ಬಂದು ಹೇಳಿದಳು, ಅದನ್ನು ನಾನು ಮರೆಯುವುದಿಲ್ಲ ಅಂತ. ಕೋಪದಲ್ಲಿ ಅಂದಳೋ ಪ್ರೀತಿಯಲ್ಲಿ ಅಂದಳೋ ನನಗೂ ತಿಳಿಯಲಿಲ್ಲ. ಎಲೆಗೆ ತುಪ್ಪ ಮಾತ್ರ ಎರಡು ಸಲ ಹಾಕಿದಳು.

ಪಾರ್ಸೆಲಿನಲ್ಲಿ ಕಳಿಸುತ್ತಿದ್ದೇನೆ: ಸುಲೋಚನಾಗೆ ಒಂದು ಸೀರೆ, ನಿನಗೆ ಒಂದು ರವಿಕೆ ಕಣ. ಭ್ರಮರಾಂಬ ಕೊಟ್ಟದ್ದು.

ಬೇಜಾರು ಮಾಡಿಕೊಳ್ಳಬೇಡ ಕಂದಾ. ಮಾಡಿಕೊಂಡರೆ ನನಗೆ ಬರೆ.

ಚಿಕ್ಕಮ್ಮ


ಗಾಜುವಾಕ
25 ಫೆಬ್ರವರಿ 1989

ಪ್ರೀತಿಯ ಚಿಕ್ಕಮ್ಮ,

ಬೇಜಾರಾಯಿತು. ಬರಿ ಬೇಜಾರಲ್ಲ, ಹೊಟ್ಟೆಕಿಚ್ಚಾಯಿತು. ಮಗುವಿಗೆ ನನ್ನ ಹೆಸರು ಬೇಡ ಅಂತ ಬೇಡಿಕೊಂಡವಳು ನಾನೇ, ಆ ಗೌರವ ಇನ್ನೊಬ್ಬಳಿಗೆ ಹೋಯಿತು ಅಂದಾಗ ಅಡುಗೆಮನೆಯಲ್ಲಿ ಕೂತು ಗೋಳೋ ಅಂತ ಅತ್ತೆ. ಅನ್ನ ಸೀದುಹೋಯಿತು. ಅಳುತ್ತಾ ಅಳುತ್ತಾ ಆ ಮಗುವಿನ ತೊಡೆ ಕಣ್ಣಿಗೆ ಬಂತು, ಎಷ್ಟು ಚಿಕ್ಕದಿತ್ತು ಅಂತ. ಆಗ ಕೈ ನಡುಗಿತು ಚಿಕ್ಕಮ್ಮ. ಮೂರೂವರೆ ತಿಂಗಳು ತಡವಾಗಿ ನಡುಗಿತು. ನಿಲ್ಲಿಸಲು ಆಗಲಿಲ್ಲ. ಎಷ್ಟು ಭಯವಾಯಿತೋ ಅಷ್ಟೇ ಸಮಾಧಾನವಾಯಿತು. ನಾನು ಇನ್ನೂ ಇದ್ದೇನೆ ಅನ್ನಿಸಿತು.

ಮಾರನೇ ದಿನ ಮಧ್ಯಾಹ್ನ ಸೀರೆ ತೆಗೆದುಕೊಂಡು ಹೋದೆ. ಸುಲೋಚನಾ ಸ್ಟೋರ್ ರೂಮಿನಲ್ಲಿ ಹತ್ತಿ ಮಡಿಸುತ್ತಾ ಕೂತಿದ್ದಳು. ವಿಜಯವಾಡದಲ್ಲಿ ಒಂದು ಮಗುವಿಗೆ ನಿನ್ನ ಹೆಸರಿಟ್ಟಿದ್ದಾರೆ ಅಂದೆ. ನಂಬಲಿಲ್ಲ. ಯಾಕೆ ಅಂತ ಕೇಳಿದಳು. ನವೆಂಬರ್ ಮೂರರದ್ದನ್ನು ಹೇಳಿದೆ, ನನ್ನ ಮಣಿಕಟ್ಟು ತೋರಿಸಿ. ಹತ್ತಿ ಮಡಿಸುತ್ತಲೇ ಇದ್ದಳು. 'ನಾಕು ಗುರ್ತು ಲೇದಕ್ಕಾ' ಅಂದಳು.

ಅವಳಿಗೆ ನೆನಪೇ ಇಲ್ಲ ಚಿಕ್ಕಮ್ಮ. ಆ ದಿನವೇ ನೆನಪಿಲ್ಲ. ನಾನು ಡ್ಯೂಟಿ ರಿಜಿಸ್ಟರ್ ತೆಗೆದು ನೋಡಿದೆ. ನವೆಂಬರ್ ಎರಡರಂದು ನಾನು ಬಂದ ಬೆಳಗ್ಗೆಯೇ ಅವಳೂ ಬಂದಿದ್ದಳು. ನನ್ನ ಹಾಗೆಯೇ ಅವಳೂ ಮನೆಗೆ ಹೋಗಿರಲಿಲ್ಲ. ಡಿಸೆಂಬರ್ ಕೊನೆಯಿಂದ ನಾನು ನಿನ್ನ ಮನೆಯಲ್ಲಿ ಮಲಗಿದ್ದ ಇಪ್ಪತ್ತು ದಿನ ಈ ಹುಡುಗಿ ಒಬ್ಬಳೇ ಇದ್ದಳು. ನಾನು ಬಂದು ಎರಡು ಡ್ಯೂಟಿ ಮಾಡುವುದಿಲ್ಲ ಅಂದೆನಲ್ಲ, ಆ ಎರಡನೆಯದನ್ನು ಯಾರು ಮಾಡುತ್ತಿದ್ದಾರೆ ಅಂತ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಅವಳಿಗೆ. ಅವಳ ಮುಖ ನಾನು ಆಗ ನೋಡಿದೆ. ಇಷ್ಟು ದಿನ ದಿನಾ ಎದುರಿಗೇ ಇತ್ತು.

ನನಗೆ ಬಂದ ಸಿಟ್ಟು ನೀನು ನೋಡಬೇಕಿತ್ತು. ಅವಳ ಕೈಯಿಂದ ಹತ್ತಿ ಕಿತ್ತಿಟ್ಟು ಡಾಕ್ಟರ್ ಹೈಮಾವತಿಯವರ ಕೋಣೆಗೆ ಹೋದೆ. ಸಿರಿಂಜಿನ ವಿಷಯ ಮೊದಲ ಸಲ ಅವರಿಗೆ ಹೇಳಿದೆ, ಒಂದನ್ನೂ ಬಿಡದೆ. ಈ ಹುಡುಗಿ ಹದಿನೈದು ದಿನ ಮನೆಗೆ ಹೋಗುತ್ತಾಳೆ, ಅವಳು ಬರುವುದರೊಳಗೆ ಮೂರನೆಯವಳನ್ನು ತನ್ನಿ, ಅಲ್ಲಿಯವರೆಗೆ ಆರು ಮಂಚಕ್ಕಿಂತ ಹೆಚ್ಚು ಬೇಡ ಅಂದೆ. ಅವರು ಕನ್ನಡಕ ತೆಗೆದಿಟ್ಟರು. ರಾಜೀನಾಮೆ ಕೊಡಲು ಬಂದೆಯೇನೋ ಅಂದುಕೊಂಡೆ ಅಂದರು. ಇಲ್ಲ, ಇರುತ್ತೇನೆ, ಆದರೆ ಹೀಗಾದರೆ ಮಾತ್ರ ಅಂದೆ. ಎಂಟು ಮಂಚ ಅಂದರು. ಆರು ಅಂದೆ. ಆರಕ್ಕೆ ಒಪ್ಪಿದರು. ನಿನ್ನ ಚೌಕಾಸಿ ನನಗೂ ಬಂದಿದೆ.

ಸುಲೋಚನಾಳ ಊರು ಸಿಂಹಾಚಲಂ. ಸೀರೆಯನ್ನು ಬ್ಯಾಗಿಗೆ ತುಂಬಿ ನಾನೇ ಬಸ್ ಸ್ಟಾಪಿಗೆ ಕರೆದುಕೊಂಡು ಹೋದೆ. ಕಿಟಕಿ ಪಕ್ಕ ಕೂರಿಸಿದೆ. ಹೋಗಿ ಮುಟ್ಟಿದ್ದಕ್ಕೆ ಕಾಗದ ಬರೆ ಅಂದೆ. ಹೂಂ ಅಂದಳು. ನಾನು ಇನ್ನೂ ಏನೋ ಹೇಳುತ್ತಿದ್ದೆ, ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ತಲೆ ಕಂಬಿಗೆ ಬಡಿಯದ ಹಾಗೆ ಸೆರಗು ಮಡಿಸಿ ಒತ್ತಿಟ್ಟು, ಸಿಂಹಾಚಲಂ ಬಂದಾಗ ಎಬ್ಬಿಸಿ ಅಂತ ಕಂಡಕ್ಟರಿಗೆ ಎರಡು ಸಲ ಹೇಳಿ ಇಳಿದೆ.

ನಿನ್ನ ವೇದಾ